ಒಂದು ಸೇರು ಜೋಳದ ಬೆಕ್ಕು

ಆ ದಿನ ಬೆಳಿಗ್ಗೆಯೂ ನಾನು ಎಲ್ಲ ದಿನದಂತೆ ಐದೂವರೆಗೆ ಎದ್ದೆ. ಅತ್ತೆಯವರಿಗೆ ಸಕ್ಕರೆ ಕಡಿಮೆಯ ಚಹಾ, ನಮ್ಮವರಿಗೆ ಸಕ್ಕರೆ ಹೆಚ್ಚಿನ ಚಹಾ, ಸೋಸಿ ಉಳಿದದ್ದು ನನಗೆ. ಆಮೇಲೆ ಹನ್ನೊಂದು ರೊಟ್ಟಿ, ಬದನೆಕಾಯಿ ಪಲ್ಯ, ನಮ್ಮವರ ಡಬ್ಬಿ. ಹಿತ್ತಲಿನ ಗೋಡೆಯಾಚೆ ಗಿರಿಜಕ್ಕ ಕಾಗೆಗೆ "ಹುಶ್" ಅನ್ನುತ್ತಿದ್ದರು. ಅವರ ದಿನ ಶುರುವಾಗುವುದೇ ಆ ಶಬ್ದದಿಂದ. ನಮ್ಮಿಬ್ಬರ ಮನೆಯ ನಡುವಿನ ಗೋಡೆಯ ಮೇಲೆ ಅವರು ಸಂಡಿಗೆ ಒಣಹಾಕುತ್ತಾರೆ. ಹೀಗಾಗಿ ಕಾಗೆ, ಅಳಿಲು, ಬೆಕ್ಕು, ನಮ್ಮ ಕರಿಬೇವಿನ ಟೊಂಗೆ, ಎಲ್ಲಕ್ಕೂ ಒಂದೇ ಹುಶ್. ಮದುವೆಯಾಗಿ ಸವಣೂರಿಗೆ ಬಂದ ಹೊಸದರಲ್ಲಿ ಆ ಶಬ್ದಕ್ಕೆ ನಾನೇ ಒಗೆಯುವ ಕಲ್ಲಿನಿಂದ ಎದ್ದು ನಿಂತದ್ದುಂಟು.

ಡಬ್ಬಿಗೆ ಮುಚ್ಚಳ ಹಾಕುವಾಗ ನಮ್ಮವರು ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಇವತ್ತೂ ಬೆಕ್ಕಿನ ಮನಿಗೇನು?"

"ಹೂಂ."

"ಮಂದಿ ನಗಾಕತ್ತಾರ."

ಒಳಗಿನಿಂದ ಅತ್ತೆಯವರು: "ನಗವಲ್ರ್ಯಾಕ. ಆದ್ರ ಒಂದು ಬೆಕ್ಕು ಸೈತ ಈ ಹೊಸ್ತಿಲ ದಾಟಬಾರ್ದು, ಹೇಳೇನಿ."

ಅದಕ್ಕೂ ನಾನು ಹೂಂ ಅಂದೆ. ನನ್ನ ಹೂಂಗಳಿಗೆ ನಮ್ಮ ಮನೆಯಲ್ಲಿ ಬಹಳ ಒಳ್ಳೆಯ ಹೆಸರಿದೆ.

ಅವರಿಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋದ ಮೇಲೆ ಗಿರಣಿಗೆ ಜೋಳ ಅಳೆಯಲು ಕುಳಿತೆ. ನಮ್ಮ ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ನಾನು ಹಚ್ಚಿದ ಚೀಟಿಗಳಿವೆ, ಕಾನ್ವೆಂಟಿನಲ್ಲಿ ಕಲಿತ ಓರೆಯಾದ, ಒಂದಕ್ಕೊಂದು ಕೈ ಹಿಡಿದ ಇಂಗ್ಲಿಷ್ ಅಕ್ಷರಗಳಲ್ಲಿ. ಅತ್ತೆಯವರಿಗೆ ಅವು ಓದಲು ಬರುವುದಿಲ್ಲ. ಪ್ರತಿ ಡಬ್ಬಿಯನ್ನೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ತೊಗರಿಬೇಳೆಯೋ ಕಡಲೆಬೇಳೆಯೋ ಎಂದು ತಪ್ಪದೆ ಹೇಳುತ್ತಾರೆ. ಜೋಳದ ಡಬ್ಬಿಗೆ ಮಾತ್ರ ಚೀಟಿಯಿಲ್ಲ. ಅದರೊಳಗೆ ಒಂದು ಹಿತ್ತಾಳೆಯ ಸೇರು ಇರುತ್ತದೆ, ಅದೇ ಗುರುತು. ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದ ಸೇರು. ಚಿಕ್ಕೇರೂರಿನ ನನ್ನ ಆಯಿ, ಅಂದರೆ ಅವ್ವನ ಅವ್ವ, ಮದುವೆಯಲ್ಲಿ ಕೊಟ್ಟದ್ದು. ಅದನ್ನು ಜೋಳದೊಳಗೆ ಒತ್ತಿ ಮೇಲೆತ್ತಿದಾಗ ಕೈ ಅಲ್ಲೇ ನಿಂತಿತು. ನಾವು ಮಾಡಿದ ತಪ್ಪೇನೆಂದು ನನಗೆ ಆಗ ಹೊಳೆಯಿತು.

ತಪ್ಪು ಯಾವುದೆಂದು ಹೇಳಬೇಕಾದರೆ ಶಾವಂತ್ರೆವ್ವನ ವಿಷಯ ಹೇಳಬೇಕು. ನಮ್ಮ ಓಣಿಯ ಕೊನೆಗೆ, ಎಲೆತೋಟಗಳು ಶುರುವಾಗುವಲ್ಲಿ, ಹಂಚಿನ ಮನೆಯೊಂದರಲ್ಲಿ ಬಾಡಿಗೆಗಿದ್ದಾಳೆ. ಮೊಣಕಾಲು ಗಟ್ಟಿ ಇರುವವರೆಗೆ ತೋಟದವರಲ್ಲಿ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುತ್ತಿದ್ದಳು. ಮೊಣಕಾಲು ಕೈಕೊಟ್ಟು ಮನೆ ಹಿಡಿದಾಗ ಒಂದು ಬಸುರಿ ಬೆಕ್ಕು ಬಂತು. ಇವಳು ಹಾಲಿಟ್ಟಳು. ಎರಡು ವರ್ಷದೊಳಗೆ ಆ ಮನೆಯಲ್ಲಿ ಬೆಕ್ಕಿಲ್ಲದ ಗೂಡಿಲ್ಲ, ಮಾಡವಿಲ್ಲ, ಹಾಸಿಗೆಯಿಲ್ಲ ಎಂದಾಯಿತು. ರೊಟ್ಟಿಬುಟ್ಟಿಯಲ್ಲಿ ಮರಿ, ಒಲೆಯ ಬೂದಿಯಲ್ಲಿ ಮರಿ. ಅರ್ಧಕ್ಕೆ ಕಣ್ಣು ಅಂಟಿಕೊಂಡಿತ್ತು, ಉಳಿದರ್ಧಕ್ಕೆ ಪಕ್ಕೆಲುಬು ಎಣಿಸಬಹುದಿತ್ತು. ಆ ವಾಸನೆಗೆ ಓಣಿಯವರು ಸೆರಗು ಮೂಗಿಗೆ ಹಿಡಿದೇ ದಾಟುತ್ತಿದ್ದರು. ಹಾಗೆಂದು ಅವಳಿಗೆ ಕರುಣೆ ಇರಲಿಲ್ಲವೆನ್ನಬೇಡಿ. ತನ್ನ ಚಹಾದ ಹಾಲನ್ನು ಅವಕ್ಕೆ ಹಾಕಿ ತಾನು ಕರಿ ಚಹಾ ಕುಡಿಯುತ್ತಿದ್ದಳು. ಒಂದು ಪಾವು ಹಾಲು ಇಪ್ಪತ್ತಾರು ನಾಲಿಗೆಗೆ ಹೇಗೆ ಸಾಕಾದೀತು, ಅಷ್ಟೆ.

ಊರಿನಲ್ಲಿ ನಮಗೆ 'ಬೆಕ್ಕಿನ ಬಳಗ' ಎಂದು ಹೆಸರು. ಬಳಗವೆಂದರೆ ಮೂವರು. ನಾನು, ಟೇಲರಿಂಗ್ ಮಾಡುವ ನಸೀಮಾ, ಶಿಗ್ಗಾವಿಯ ಬಸವರಾಜ ಮಾಸ್ತರರು. ಮಾಸ್ತರರು ನಿವೃತ್ತ ವ್ಯಾಯಾಮ ಶಿಕ್ಷಕರು, ಈಗಲೂ ಕೊರಳಲ್ಲಿ ಸೀಟಿ. ಹಿಂದಿನ ಭಾನುವಾರ ನಾವು ಸಿದ್ಧರಾಗಿಯೇ ಹೋಗಿದ್ದೆವು. ನಸೀಮಾ ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಉಸಿರಾಡಲು ತೂತು ಬಿಟ್ಟು ಚೀಲ ಹೊಲಿದಿದ್ದಳು. ನಾನು ತೋಟದವರಿಂದ ಎಲೆಬುಟ್ಟಿ ಕೇಳಿ ತಂದು, ಒಂದರ ಮೇಲೊಂದು ಬೋರಲು ಹಾಕಿ ಕಟ್ಟಲು ಹಗ್ಗ ಇಟ್ಟುಕೊಂಡು, ಪ್ರತಿ ಬುಟ್ಟಿಗೂ ಓರೆ ಅಕ್ಷರದ ಚೀಟಿ ಹಚ್ಚಿದ್ದೆ. ಮಾಸ್ತರರ ಬಳಿ ದಪ್ಪ ಕೈಗವಸು, ವಾಲಿಬಾಲಿನ ಹಳೆಯ ನೆಟ್ಟು. ಬೆಕ್ಕುಗಳೆಲ್ಲ ಪಡಸಾಲೆಯಲ್ಲಿ ಮಲಗಿದ್ದವು. ನಾವು ಮೂರು ಮೂಲೆಯಲ್ಲಿ ಸದ್ದಿಲ್ಲದೆ ನಿಂತೆವು. ಎಲ್ಲ ಸರಿಯಾಗಿತ್ತು. ಆಗ ಮಾಸ್ತರರು, ಮೂವತ್ತು ವರ್ಷದ ರೂಢಿ ನೋಡಿ, ಶುರು ಮಾಡೋಣವೆಂದು ಸೀಟಿ ಊದಿದರು.

ಇಪ್ಪತ್ತಾರು ಬೆಕ್ಕುಗಳೂ ಹಂಚಿನ ಸಂದಿಯಲ್ಲಿದ್ದವು. ನೆಟ್ಟಿನಲ್ಲಿ ನಸೀಮಾ ಇದ್ದಳು. ಶಾವಂತ್ರೆವ್ವ ಕಸಬರಿಗೆ ಹಿಡಿದು ನಮ್ಮನ್ನು ಹೊರಗೆ ದೂಡಿ ಅಗಳಿ ಹಾಕಿಕೊಂಡಳು. "ನನ್ನ ಮಕ್ಕಳನ್ನ ಬಲಿ ಹಾಕಿ ಹಿಡ್ಯಾಕ ಬರ್ತೀರಿ? ಅವೇನು ಹೊಳಿ ಮೀನೇನು?"

ಅದು ಭಾನುವಾರ. ಬುಧವಾರ ಸಂಜೆ ನಾಲ್ಕಕ್ಕೆ ಗೂಡ್ಸ್ ಆಟೋ ಬರುವುದಿತ್ತು. ಮಳೆಗಾಲಕ್ಕೆ ಮುಂಚೆ ಹಂಚು ತೆಗೆದು ಹೊದಿಸಬೇಕೆಂದು ಮನೆಯ ಮಾಲೀಕ ಹುಬ್ಬಳ್ಳಿಯಿಂದ ಫೋನು ಮಾಡಿದ್ದ. ಬೆಕ್ಕುಗಳನ್ನು ಗೋಣಿಚೀಲಕ್ಕೆ ತುಂಬಿ ತಡಸದ ಆಚೆ, ಕಾಡಿನ ರಸ್ತೆಯ ಬದಿಗೆ ಬಿಟ್ಟುಬರಲು ಆಟೋದವನಿಗೆ ಒಪ್ಪಿಸಿದ್ದ. ಕಣ್ಣು ಅಂಟಿದ ಮರಿ ಅಲ್ಲಿ ಒಂದು ರಾತ್ರಿ ಉಳಿಯುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಮತ್ತು ಎಲ್ಲರೂ ಪಾಪ ಅಂದಿದ್ದರು. ನಾನು ಸೇರು ಹಿಡಿದು ಕುಳಿತಿದ್ದು ಆ ಬುಧವಾರದ ಬೆಳಿಗ್ಗೆ.

ಆ ಸೇರಿನ ತಗ್ಗು ನೋಡುತ್ತ ನೆನಪಾದದ್ದು ಚಿಕ್ಕೇರೂರಿನ ಬೇಸಿಗೆ ರಜೆ. ಆಯಿಯ ಮನೆಯಲ್ಲಿ ಕಾಳಿನ ಚೀಲಗಳ ಮೇಲೆ ಒಂದು ಕರಿ ಬೆಕ್ಕು ಆಯಿಗಿಂತ ಗತ್ತಿನಿಂದ ಕೂತಿರುತ್ತಿತ್ತು. ಅದು ಮರಿ ಹಾಕಿತೆಂದರೆ ಸುದ್ದಿ ಹರಡಿ, ಬೇರೆ ಬೇರೆ ಮನೆಯ ಹೆಂಗಸರು ಕೇಳಲು ಬರುವರು. ಬರಿಗೈಯಲ್ಲಿ ಬರುತ್ತಿರಲಿಲ್ಲ. ಉಡಿಯಲ್ಲಿ ಒಂದು ಸೇರು ಜೋಳ. ಆಯಿ ಚಾಪೆ ಹಾಸಿ ಕೂಡಿಸಿ ಕೇಳುವಳು: ಮನೆಯಲ್ಲಿ ನಾಯಿ ಇದೆಯೇನು, ಹೈನ ಇದೆಯೇನು, ಹುಡುಗರು ಬಾಲ ಜಗ್ಗುವವರೇನು. ನನ್ನ ಚಿಕ್ಕಮ್ಮನ ಗಂಡಿನ ಕಡೆಯವರಿಗೂ ಇಷ್ಟು ಪ್ರಶ್ನೆ ಕೇಳಿರಲಿಲ್ಲವೆಂದು ಅವ್ವ ನಗುತ್ತಿದ್ದಳು. ಉತ್ತರ ಮನಸ್ಸಿಗೆ ಬಂದರೆ ಜೋಳವನ್ನು ನಮ್ಮ ಸೇರಿನಿಂದ ಅಳೆದು, ಮೇಲಿನ ಒಂದು ಹಿಡಿಯನ್ನು ತಾಯಿಬೆಕ್ಕಿನ ಮುಂದೆ ಸುರಿಯುವಳು.

"ಬೆಕ್ಕು ಜ್ವಾಳ ತಿಂತತೇನ ಆಯೀ?" ಎಂದು ನಾನು ಕೇಳಿದ್ದೆ.

"ತಿನ್ನಾಕಲ್ಲ ಹುಚ್ಚಿ. ನಿನ್ನ ಮಗಳನ್ನ ಕದ್ದು ಒಯ್ಯಾಕ ಬಂದಿಲ್ಲ, ಕೇಳಿ ಒಯ್ಯಾಕತ್ತೇವಿ ಅಂತ ಅದಕ್ಕ ತಿಳೀಲಿ ಅಂತ."

ಜೋಳ ಅಳೆದ ಮೇಲೆ ಮಾತು ಮುಗಿಯಿತು. ಆಮೇಲೆ ಕೊಡುವವರು ಕೊಡುವುದಿಲ್ಲ ಅನ್ನುವಂತಿಲ್ಲ, ಒಯ್ದವರು ಸಾಕುವುದಿಲ್ಲ ಅನ್ನುವಂತಿಲ್ಲ. ನಾವು ಮೂವರು ಓದಿದವರು ನೆಟ್ಟು, ಗವಸು, ಚೀಟಿ ಎಲ್ಲ ಒಯ್ದಿದ್ದೆವು. ಜೋಳ ಒಯ್ದಿರಲಿಲ್ಲ.

ಚಿಕ್ಕೇರೂರಿನಲ್ಲಿ ಈಗ ನನ್ನ ಸೋದರಮಾವನ ಸೊಸೆ ಮಾದೇವಿ ಇದ್ದಾಳೆ. ಅವಳಿಗೆ ಫೋನು ಹಚ್ಚಿದೆ.

"ಏ ಮಾದೇವಿ, ಇಲಿ ಕಾಟ ಅಂತಿದ್ದೆಲ್ಲ?"

"ಕೇಳಬ್ಯಾಡ ಬೇ. ಗೊಂಜಾಳದ ಚೀಲ ಹೋಗ್ಲಿ, ಮೊನ್ನೆ ನನ್ನ ಇಳಕಲ್ಲ ಸೀರಿ ಕಡದಾವು."

"ಬೆಕ್ಕು ಬೇಕೇನು?"

"ಕೊಡ್ತಿ? ಎಷ್ಟದಾವ?"

"ಇಪ್ಪತ್ತಾರು."

ಆ ಕಡೆ ಒಂದು ಕೋಳಿ ಕೂಗಿತು. "ಬೆಕ್ಕಿನ ಅಂಗಡಿ ಇಟ್ಟಿಯೇನವಾ? ತಡಿ, ಓಣ್ಯಾಗ ಕೇಳ್ತೇನಿ."

"ಇವತ್ತ ಬರಬೇಕು. ಬೆಕ್ಕಿಗೊಂದು ಸೇರು ಜ್ವಾಳ ತರ್ರಿ."

"ಅದನ್ನೇನು ಹೇಳ್ತಿ? ಬೆಕ್ಕು ಕೇಳಾಕ ಬರೇ ಕೈಲೆ ಬರ್ತಾರೇನು?"

ನೋಡಿ, ನಾನು ಆಗಷ್ಟೇ ಕಂಡುಹಿಡಿದೆನೆಂದು ಬೀಗುತ್ತಿದ್ದುದನ್ನು ಅವಳು ಎಂದೂ ಮರೆತಿರಲೇ ಇಲ್ಲ. ಆಮೇಲೆ ನಮ್ಮ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲೂ ಬರೆದೆ. ಅಲ್ಲಿ ಬೆಳಿಗ್ಗೆ ಗುಲಾಬಿ, ಸಂಜೆ ದೀಪ ಬಿಟ್ಟರೆ ಬೇರೇನೂ ಬರುವುದಿಲ್ಲ. ಬೆಕ್ಕು ಬೇಕೇ ಎಂದು ಬರೆದದ್ದಕ್ಕೆ ಹನ್ನೆರಡು ಜನ ಕೈ ಮುಗಿದರು. ಹಾನಗಲ್ಲಿನ ಒಬ್ಬಳು ಮಾತ್ರ, ಅಕ್ಕಿ ಗಿರಣಿಯ ಮನೆಯವಳು, "ಮೂರು ಬೇಕು, ಬರ್ತೇನಿ" ಎಂದಳು.

ಮಧ್ಯಾಹ್ನ ಎರಡಕ್ಕೆ ಉಡಿಯಲ್ಲಿ ಒಂದು ಸೇರು ಜೋಳ ಕಟ್ಟಿಕೊಂಡು ಹೋಗಿ ಕದ ತಟ್ಟಿದೆ. ನಸೀಮಾ ಮತ್ತು ಮಾಸ್ತರರು ಹಿಂದೆ. ಸೀಟಿ ನಸೀಮಾಳ ಪರ್ಸಿನಲ್ಲಿತ್ತು.

"ಯಾರು? ಸೀಟಿಯವರೇನು?" ಒಳಗಿನಿಂದ ಶಾವಂತ್ರೆವ್ವ.

"ಅಲ್ಲಬೇ. ಮರಿ ಕೇಳಾಕ ಬಂದೇನಿ. ಜ್ವಾಳ ತಂದೇನಿ."

ಅಗಳಿ ಸರಿಯಿತು. ಅವಳು ನನ್ನ ಮುಖ ನೋಡಲಿಲ್ಲ, ಉಡಿ ನೋಡಿದಳು. ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದಳು. "ಚಲೋ ಜ್ವಾಳ," ಅಂದಳು. "ಹಿಂಗ ಮೊದಲ ಬಂದಿದ್ರ ಕಸಬರಿಗಿ ಯಾಕ ಹಿಡೀತಿದ್ದೆ?"

ಚಿಕ್ಕೇರೂರಿನವರು ಬರುತ್ತಿದ್ದಾರೆ, ಹೊಲಮನೆಯವರು, ಒಂದೊಂದು ಬೆಕ್ಕಿಗೂ ಒಂದೊಂದು ಸೇರು ತರುತ್ತಾರೆ ಎಂದು ಹೇಳಿದೆ. ಅವಳು ಮೊಣಕಾಲು ಒತ್ತಿಕೊಳ್ಳುತ್ತ ಕೇಳಿದಳು. ಕಣ್ಣು ಒರೆಸಿಕೊಂಡಳು. "ನನಗ ಸಾಕಾಗಿತ್ತವಾ. ಆದ್ರ ಬೀದಿಗೆ ಹ್ಯಾಂಗ ಒಗೀಲಿ?" ಆಮೇಲೆ ಹಂಚಿನ ಕಡೆ ಮುಖ ಮಾಡಿ ಬಾಯಿಂದ ಒಂದು ಸಣ್ಣ ಸದ್ದು ಮಾಡಿದಳು, ಎಲೆ ನೀರಿಗೆ ಬಿದ್ದಂಥದ್ದು. ಬೆಕ್ಕುಗಳು ಒಂದೊಂದಾಗಿ ಇಳಿದು ಬಂದವು. ಮಾಸ್ತರರು ತಮ್ಮ ಗವಸುಗಳನ್ನು ಬಿಚ್ಚಿ ಮೆಲ್ಲಗೆ ಜೇಬಿಗೆ ಇಟ್ಟುಕೊಂಡರು.

ನಾವು ಮರಿಗಳ ಕಣ್ಣಿಗೆ ಔಷಧ ಹಾಕುತ್ತಿದ್ದಾಗ, ಇನ್ನೂ ಮೂರೂವರೆ ಆಗಿರಲಿಲ್ಲ, ಬಾಗಿಲಲ್ಲಿ ಆಟೋ ಬಂದು ನಿಂತಿತು. ಹಿಂದೆ ಗೋಣಿಚೀಲಗಳು. ಓಣಿಯವರೂ ಬಂದರು, ಗಿರಿಜಕ್ಕ ಎಲ್ಲರಿಗಿಂತ ಮುಂದೆ. ಮಾದೇವಿಯ ಬಸ್ಸು ಆಗಷ್ಟೇ ಹಾವೇರಿ ಬಿಟ್ಟಿತ್ತು.

ಇಲ್ಲಿ ಕಾನ್ವೆಂಟಿನ ಒಂದು ಮಾತು ಹೇಳಬೇಕು. ಅಲ್ಲಿ ಸಿಸ್ಟರ್ ತರಗತಿಗೆ ಬಂದರೆ ಎದ್ದು ನಿಲ್ಲಬೇಕು, ಕೂಡಿರಿ ಅನ್ನುವವರೆಗೆ ಕೂಡಬಾರದು. ಒಂದು ದಿನ ಹೊಸದಾಗಿ ಬಂದ ಸಿಸ್ಟರ್ ಆ ಮಾತು ಹೇಳಲು ಮರೆತರು. ಬೇರೆ ಹುಡುಗಿಯರು ಒಬ್ಬೊಬ್ಬರಾಗಿ ಜಾರಿ ಕುಳಿತರು. ನಾನೊಬ್ಬಳು ಇಡೀ ಪಿರಿಯಡ್ ನಿಂತೇ ಇದ್ದೆ. ಆ ಹುಡುಗಿ ದೊಡ್ಡವಳಾದ ಮೇಲೂ ಹಾಗೆಯೇ ಉಳಿದಳು. ಮಾವನವರು ಬಂದರೆ ಎದ್ದಳು, ಬೀಗರು ಬಂದರೆ ಎದ್ದಳು, ಗ್ಯಾಸ್ ತರುವವನು ಬಂದರೂ ಎದ್ದಳು. ಬಸ್ಸಿನಲ್ಲಿ ಯಾರಾದರೂ ದಿಟ್ಟಿಸಿ ನೋಡಿದರೆ ಸೀಟು ಬಿಟ್ಟಳು. ವಿನಯವಂತೆ ಎಂದು ನಾಲ್ಕು ಜನ ಹೊಗಳುತ್ತಾರೆ. ಎದ್ದೆದ್ದು ನನ್ನ ಮೊಣಕಾಲುಗಳೂ ಶಾವಂತ್ರೆವ್ವನ ಮೊಣಕಾಲಿನಂತಾದವು, ಅದನ್ನು ಯಾರೂ ಕೇಳುವುದಿಲ್ಲ.

ಆಟೋದವನು ಚೀಲ ಹಿಡಿದು ಬಾಗಿಲಿಗೆ ಬಂದ. ನಾನು ಹೋಗಿ ಹೊಸ್ತಿಲ ಮೇಲೆ ಕುಳಿತೆ.

"ಏಳ್ರಿ ಅಕ್ಕಾರ, ಹೊತ್ತಾಕ್ಕತಿ."

"ಏಳೂದಿಲ್ಲ."

ನನ್ನ ದನಿ ನನಗೇ ಬೇರೆಯವರದೆನಿಸಿತು.

"ಹೊಸ್ತಿಲ ಮ್ಯಾಲ ಹೆಣ್ಣುಮಕ್ಕಳು ಕೂಡಬಾರ್ದ್ರಿ," ಗಿರಿಜಕ್ಕ ಗುಂಪಿನಿಂದ ಅಂದರು. "ಅನಿಷ್ಟ. ಹುಶ್, ಏಳ್ರಿ, ಏಳ್ರಿ."

"ಗೊತ್ತೈತ್ರಿ ಗಿರಿಜಕ್ಕ. ಅದಕ್ಕ ಕುಂತೇನಿ. ನನ್ನ ದಾಟಿ ಯಾರೂ ಒಳಗ ಹೋಗಾಂಗಿಲ್ಲ."

"ಮಾಲಕರು ಹೇಳ್ಯಾರ್ರಿ," ಆಟೋದವನು ಬೆವರು ಒರೆಸಿಕೊಂಡ. "ನಂದೇನೈತ್ರಿ ಇದರಾಗ?"

"ಮಾಲಕರದು ಮನಿ. ಬೆಕ್ಕು ಶಾವಂತ್ರೆವ್ವಂದು. ಅವಕ್ಕ ಜ್ವಾಳ ಅಳದಾಗೈತಿ."

ಅವನ ಕೈಯಲ್ಲಿದ್ದ ಚೀಲ ಸ್ವಲ್ಪ ಕೆಳಗಿಳಿಯಿತು. "ಜ್ವಾಳ ಅಳದೀರಿ?"

"ಹೂಂ."

"ಎಲ್ಲಾಕ್ಕೂ?"

ಇಲ್ಲಿ ನಾನು ಸುಳ್ಳು ಹೇಳಿದೆ. ಅಳೆದದ್ದು ಒಂದೇ ಸೇರು. ಸುಳ್ಳು ಹೇಳಿದರೆ ನಾಲಿಗೆಯ ಮೇಲೆ ಕಪ್ಪು ಚುಕ್ಕೆ ಬರುತ್ತದೆಂದು ನಮಗೆ ಮೂರನೆಯ ಇಯತ್ತೆಯಲ್ಲೇ ಹೇಳಿದ್ದರು. ಬರಲಿ ಎಂದುಕೊಂಡೆ. "ಎಲ್ಲಾಕ್ಕೂ."

ಅವನು ನನ್ನ ತಲೆಯ ಮೇಲಿಂದ ಒಳಗೆ ಕೂಗಿ ಕೇಳಿದ: "ಹೌದೇನಬೇ ಆಯೀ?"

ಶಾವಂತ್ರೆವ್ವ ನನ್ನ ಹಿಂದಿನಿಂದ, ಆ ಒಂದೇ ಸೇರು ಜೋಳವನ್ನು ಮೊರದಲ್ಲಿ ಕೇರುತ್ತ, ಅಂದಳು: "ಅಳದೈತಪ್ಪಾ. ಈಗ ಅವು ನನ್ನವೂ ಅಲ್ಲ."

ಅವನು ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ನಾನೂ ಒಕ್ಕಲಿಗರ ಮನ್ಯಾಂವನ ಅದೇನ್ರಿ. ಜ್ವಾಳ ಅಳದ ಬೆಕ್ಕಿಗೆ ನಾ ಕೈ ಹಚ್ಚೂದಿಲ್ಲ. ಆದ್ರ ಒಯ್ಯವ್ರು ಎಲ್ಲಿ?"

"ಬರಾಕತ್ತಾರ."

"ಐದರ ತನಕಾ ನೋಡ್ತೇನಿ. ಬರಲಿಲ್ಲಂದ್ರ ಮಾಲಕರಿಗೆ ನೀವ ಉತ್ತರ ಹೇಳ್ರಿ."

ನಾಲ್ಕು ಹೊಡೆಯಿತು. ಬಿಸಿಲು ನನ್ನ ಪಾದದಿಂದ ಮೊಣಕಾಲಿಗೆ ಏರಿತು. ಯಾರೋ ನಮ್ಮವರಿಗೆ ಫೋನು ಮಾಡಿದರು, ನನ್ನ ಮೊಬೈಲು ಹೊಡೆದುಕೊಂಡಿತು, ನಾನು ಎತ್ತಲಿಲ್ಲ. ಹೊಸ್ತಿಲಿನ ಮರದಲ್ಲಿ ಹಳೆಯ ಅರಿಸಿನ ಎಷ್ಟು ಪದರ ಕೂತಿತ್ತೆಂದು ನೋಡುತ್ತಿದ್ದೆ. ಒಂದು ಸಲ ಏಳಬೇಕೆನಿಸಿತು, ಬರಿ ರೂಢಿಯಿಂದ, ಮಾಲೀಕನ ಕಡೆಯ ಹಿರಿಯರೊಬ್ಬರು ಬಂದು ಎದುರು ನಿಂತಾಗ. ಸೀರೆಯ ನಿರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ನಾಲ್ಕೂವರೆ ದಾಟಿತು. ಹಾನಗಲ್ಲಿನ ಗೆಳತಿ ಮೊದಲು ಬಂದಳು, ಸ್ಟೀಲಿನ ಡಬ್ಬಿಯಲ್ಲಿ ಮೂರು ಸೇರು ಜೋಳ, ಮೇಲೆ ಥೇಟ್ ನನ್ನಂಥದೇ ಓರೆ ಅಕ್ಷರದ ಚೀಟಿ. ಆಮೇಲೆ ಐದಕ್ಕೆ ಸ್ವಲ್ಪ ಮುಂಚೆ, ಓಣಿಯ ತಿರುವಿನಲ್ಲಿ ಮಾದೇವಿಯ ಗಂಟಲು ಕೇಳಿಸಿತು. ಒಂಬತ್ತು ಹೆಂಗಸರು, ಒಂಬತ್ತು ಉಡಿ, ಕೆಲವದರಲ್ಲಿ ಎರಡೆರಡು ಸೇರು.

"ಬಸ್ಸಿನ್ಯಾಗ ಕಂಡಕ್ಟರ್ ಕೇಳ್ದ, ಎಲ್ಲಾರೂ ಎಲ್ಲಿ ಮದಿವಿಗೆ ಹೊಂಟೀರಿ ಅಂತ," ಮಾದೇವಿ ಅಂದಳು. "ಬೆಕ್ಕು ತರಾಕ ಅಂದೆ. ನಂಬಲಿಲ್ಲ ಆ ಮನಿಷ್ಯಾ."

ನಾನು ಎದ್ದೆ. ಈ ಸಲ ಏಳಿರಿ ಎಂದು ಯಾರೂ ಹೇಳಿರಲಿಲ್ಲ.

ಆಮೇಲಿನದು ಆಯಿಯ ಪಡಸಾಲೆಯೇ. ಶಾವಂತ್ರೆವ್ವ ಗೋಡೆಗೆ ಒರಗಿ ಕುಳಿತು ಒಬ್ಬೊಬ್ಬರನ್ನೂ ವಿಚಾರಿಸಿದಳು. ನಾಯಿ ಇದ್ದವರಿಗೆ ಬಲಿತ ಬೆಕ್ಕು, ಹೈನ ಇದ್ದವರಿಗೆ ಮರಿ, ತಾಯಿಯೂ ಮರಿಗಳೂ ಕೂಡಿಯೇ ಹೋಗಬೇಕಾದವು ಮಾದೇವಿಗೆ. ಪ್ರತಿ ಸೇರಿನ ಮೇಲಿನ ಹಿಡಿ ಜೋಳ ನೆಲಕ್ಕೆ. ಹದಿನಾಲ್ಕು ಚಿಕ್ಕೇರೂರಿಗೆ, ಮೂರು ಹಾನಗಲ್ಲಿಗೆ, ನಸೀಮಾಳಿಗೆ ಎರಡು. ತೀರ ಸೊರಗಿದ ಐದನ್ನು ಮಾಸ್ತರರು ಶಿಗ್ಗಾವಿಗೆ ಒಯ್ದರು. ಅಲ್ಲಿಯ ದನದ ದವಾಖಾನೆಯ ಡಾಕ್ಟರಮ್ಮ ಅವಕ್ಕೆ ಔಷಧ ಮಾಡುತ್ತೇನೆ, ಬಲಿತವಕ್ಕೆಲ್ಲ ಮರಿಯಾಗದಂತೆ ಆಪರೇಷನ್ನೂ ಮಾಡುತ್ತೇನೆ ಎಂದಿದ್ದರು. ಮೊದಲು ಬಂದ ಬಸುರಿ ಬೆಕ್ಕು, ಈಗ ಅಜ್ಜಿಯಾದದ್ದು, ಶಾವಂತ್ರೆವ್ವನ ಮಡಿಲಲ್ಲೇ ಉಳಿಯಿತು. ಆಟೋದವನು ಚಿಕ್ಕೇರೂರಿನವರನ್ನು ಬುಟ್ಟಿಗಳ ಸಮೇತ ಹತ್ತಿಸಿಕೊಂಡ. "ಹೆಂಗೂ ಬೆಕ್ಕು ಹೊತ್ತು ಬಿಡಾಕ ಬಂದೇನಿ. ತಡಸಾದ್ರೇನು, ಚಿಕ್ಕೇರೂರಾದ್ರೇನು."

ಒಂದು ಉಳಿಯಿತು. ಬೂದಿಬಣ್ಣದ ಗಂಡುಬೆಕ್ಕು, ಒಂದು ಕಿವಿ ಹರಿದದ್ದು, ಎಡಗಣ್ಣು ಇಲ್ಲದ್ದು. ಒಲೆಯ ಮುಂದೆ ಕೂತಿತ್ತು. ಒಂಬತ್ತು ಹೆಂಗಸರೂ ನೋಡಿ ಮುಂದೆ ಸರಿದಿದ್ದರು.

"ನಿನ್ನ ಜ್ವಾಳ ಮೊದಲ ಬಂದದ್ದು," ಶಾವಂತ್ರೆವ್ವ ನನಗೆ ಹೇಳಿದಳು. "ನಿನಗ ಏನು ಕೊಡ್ಲಿ, ಇದ ಐತಿ."

ನಾನು ಕೇಳಲು ಹೋದದ್ದು ಬೇರೆಯವರ ಪರವಾಗಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳು ನನ್ನನ್ನೂ ಬಿಡದೆ ವಿಚಾರಿಸಿದಳು.

"ಮನ್ಯಾಗ ಯಾರಾರ ಬ್ಯಾಡ ಅಂತಾರೇನು?"

"ಎಲ್ಲಾರೂ ಅಂತಾರಬೇ."

"ಮತ್ತ?"

"ನಾ ಬೇಕಂತೇನಿ."

ಅವಳು ಒಂದು ಹಿಡಿ ಜೋಳ ಎತ್ತಿ ಆ ಬೆಕ್ಕಿನ ಮುಂದೆಯೇ ಸುರಿದಳು. ತಾಯಿ ಯಾವುದೆಂದು ಅವಳಿಗೂ ನೆನಪಿರಲಿಲ್ಲ.

ಮನೆಗೆ ಬಂದಾಗ ನಮ್ಮವರು ಪಡಸಾಲೆಯಲ್ಲಿದ್ದರು. ಸುದ್ದಿ ನನಗಿಂತ ಮೊದಲೇ ಬಂದಿತ್ತು. "ಊರ ಮಂದಿ ಮುಂದ ಹೊಸ್ತಿಲ ಮ್ಯಾಲ ಕುಂತಿದ್ದೆಂತ?"

"ಕುಂತಿದ್ದೆ," ಅಂದೆ. ಬೆಕ್ಕನ್ನು ಎತ್ತಿಕೊಂಡೇ ಹೊಸ್ತಿಲು ದಾಟಿದೆ.

ಅತ್ತೆಯವರು ಅಡುಗೆಮನೆಯಲ್ಲಿ ಜೋಳದ ಡಬ್ಬಿಯನ್ನು ಅಲುಗಾಡಿಸಿ ನೋಡುತ್ತಿದ್ದರು. "ಒಂದು ಸೇರು ಕಡಿಮಿ ಐತಿ."

"ಬೆಕ್ಕಿಗೆ ಕೊಟ್ಟೆರಿ."

ಅವರು ಬೆಕ್ಕನ್ನು ನೋಡಿದರು, ಹರಿದ ಕಿವಿಯನ್ನು, ಇಲ್ಲದ ಕಣ್ಣನ್ನು. ಹೊರಗೆ ಹಾಕು ಅನ್ನಲಿಲ್ಲ. ಅಳೆದ ಜೋಳದ ಮಾತು ಅವರಿಗೂ ಗೊತ್ತಿತ್ತು. ಡಬ್ಬಿಯ ಮುಚ್ಚಳ ಹಾಕುತ್ತ, "ಇಂಥಾದಕ್ಕ ಒಂದು ಸೇರು? ಅರ್ಧ ಸೇರು ಸಾಕಿತ್ತು," ಅಂದರು.

ನಾನು ಹೂಂ ಅನ್ನಲಿಲ್ಲ. "ನನಗೇನೂ ತುಟ್ಟಿ ಅನಸಲಿಲ್ರಿ," ಅಂದೆ.

ಕತ್ತಲಾಗುವ ಮುಂಚೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಬೆಕ್ಕು ನನ್ನ ಹಿಂದೆ ಬಂತು. ಅದಕ್ಕೆ ನಮ್ಮ ಹಿತ್ತಲು ಹೊಸದು. ನಾಲ್ಕೂ ಕಡೆ ಮೂಸಿ ನೋಡಿ, ಒಗೆಯುವ ಕಲ್ಲು ಹತ್ತಿ, ಅಲ್ಲಿಂದ ಗೋಡೆಗೆ ಹಾರಿ, ಗಿರಿಜಕ್ಕನ ಖಾಲಿ ಸಂಡಿಗೆ ಚಾಪೆಯ ನಟ್ಟನಡುವೆ ಕುಳಿತಿತು. ಆ ಕಡೆಯಿಂದ "ಹುಶ್" ಬಂತು. ಮತ್ತೊಂದು ಹುಶ್. ಆಮೇಲೆ ಚಪ್ಪಾಳೆ. ಬೆಕ್ಕು ಇದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡಿತು.

ಗಿರಿಜಕ್ಕ ಗೋಡೆಯ ಮೇಲಿಂದ ಇಣುಕಿದರು. ಮೊದಲು ಅದನ್ನು ನೋಡಿ, ಆಮೇಲೆ ಬಟ್ಟೆ ಮಡಚುತ್ತಿದ್ದ ನನ್ನನ್ನು ನೋಡಿ, ಕೈಯಲ್ಲಿದ್ದ ಬಟ್ಟಲಿನ ನೀರನ್ನು ಗಿಡಕ್ಕೆ ಚೆಲ್ಲುತ್ತ ಅಂದರು:

"ನಿಮ್ಮ ಬೆಕ್ಕೂ ನಿಮ್ಮಂಗ ಐತಲ್ರಿ. ಹುಶ್ ಅಂದ್ರ ಏಳವಲ್ದು."